ಒಂದು ಸಾಲನ್ನೂ ಬಿಡೆ ಎಂದ ಬೆರಳುಗಳು

ಬೀಜಗಣಿತದ ಒಂದು ಹಂತಕ್ಕೆ ಎಷ್ಟು ಖರ್ಚಾಗುತ್ತದೆ? ಕಣ್ಣಿರುವವರ ಪುಸ್ತಕದಲ್ಲಿ ಹೆಚ್ಚೇನಿಲ್ಲ, ಬೆರಳಗಲ ಜಾಗ, ಚಿಟಿಕೆ ಶಾಯಿ. ಬ್ರೈಲ್ ಪುಸ್ತಕದಲ್ಲಿ ಶಾಯಿಯ ಮಾತೇ ಇಲ್ಲ. ರಟ್ಟಿನಂಥ ದಪ್ಪ ಕಾಗದದ ಮೇಲೆ ಎದ್ದು ನಿಂತ ಚುಕ್ಕಿಗಳೇ ಅಕ್ಷರ. ಪುಟಕ್ಕೆ ಇಪ್ಪತ್ತೈದು ಸಾಲು. ಇಪ್ಪತ್ತಾರನೆಯದನ್ನು ತುರುಕಲು ಬರುವುದಿಲ್ಲ. ಸಾಮಾನ್ಯ ಪುಸ್ತಕದ ಒಂದು ಪುಟ ಇಲ್ಲಿ ಮೂರಾಗುತ್ತದೆ, ಗಣಿತವಾದರೆ ನಾಲ್ಕು. ಕಾಗದ, ತಗಡು, ಅಂಟು, ಹೊಲಿಗೆಯ ದಾರ, ಅಂಚೆಯ ಮೂಟೆ ಹೊರುವವನ ಬೆನ್ನು ಎಲ್ಲವನ್ನೂ ಕೂಡಿಸಿ ನೋಡಿದರೆ, ಲೆಕ್ಕಕ್ಕೆ ಮೂರು ಹಂತ ಕಡಿಮೆ ಮಾಡಿದರೆ ಐದು ಸಂಪುಟದ ಪುಸ್ತಕ ಎರಡಕ್ಕೆ ಇಳಿಯುತ್ತದೆ. ಮುದ್ರಣಾಲಯದ ಮ್ಯಾನೇಜರ್ ಹಾಕಿದ ಲೆಕ್ಕ ಇದು. ಇದರಲ್ಲಿ ತಪ್ಪಿಲ್ಲ. ಆದರೂ ಒಬ್ಬ ಹೆಂಗಸು ಇದನ್ನು ಒಪ್ಪಲಿಲ್ಲ.

ಬೆಳಗಿನ ಆರು ಗಂಟೆ. ಮುದ್ರಣಾಲಯದ ಉದ್ದನೆಯ ಕೋಣೆಯಲ್ಲಿ ಇನ್ನೂ ಕತ್ತಲೆ. ಮೂಲೆಯ ಮೇಜಿನಿಂದ ಟಕ್, ಟಕ್, ಟಕ್ ಎಂದು ಹಲ್ಲಿ ಲೊಚಗುಟ್ಟಿದಂಥ ಸದ್ದು ಬರುತ್ತಿದೆ. ಕಾವಲುಗಾರ ಬಂದು ದೀಪ ಹಾಕುತ್ತಾನೆ. "ಯಾರಿಗಪ್ಪಾ ಈ ದೀಪ? ನಾನಂತೂ ಕೇಳಿಲ್ಲ," ಎನ್ನುತ್ತಾರೆ ಮೇಜಿನ ಹಿಂದೆ ಕುಳಿತ ಮಹಿಳೆ. "ನನಗೇ ಅಕ್ಕಾ. ಕತ್ತಲೇಲಿ ನಿಮ್ಮ ಸದ್ದು ಕೇಳಿದ್ರೆ ಎದೆ ಧಸಕ್ ಅನ್ನುತ್ತೆ," ಎನ್ನುತ್ತಾನೆ ಆತ. ಇಬ್ಬರೂ ನಗುತ್ತಾರೆ. ಇದು ಅವರಿಬ್ಬರ ದಿನದ ಮೊದಲ ವ್ಯವಹಾರ.

ಆಕೆಯ ವಯಸ್ಸು ಐವತ್ತಾರು. ಪುಸ್ತಕ ಓದುವ ಮಕ್ಕಳಿಂದ ಹಿಡಿದು ಬೈಂಡಿಂಗ್ ವಿಭಾಗದ ಹೆಂಗಸರವರೆಗೆ ಎಲ್ಲರೂ ಕರೆಯುವುದು ಮೆಟ್ಟಿಲಕ್ಕ ಎಂದು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಯಿತು. ಕೆಲಸ ಕರಡು ತಿದ್ದುವುದು. ಚುಕ್ಕಿ ಕೊರೆದ ತಗಡಿನ ಅಚ್ಚಿನಿಂದ ಬಂದ ಮೊದಲ ಹಾಳೆಯನ್ನು ಬೆರಳಿನಿಂದ ಓದಿ, ತಪ್ಪು ಹಿಡಿದು, ಎಲ್ಲ ಸರಿ ಎನಿಸಿದ ಮೇಲೆ ಹಾಳೆಯ ಮೂಲೆಯಲ್ಲಿ ತಮ್ಮ ಹಿತ್ತಾಳೆಯ ಮುದ್ರೆ ಒತ್ತಬೇಕು. ಮುದ್ರೆ ಬೀಳದ ಹಾಳೆಯ ತಗಡು ಯಂತ್ರಕ್ಕೆ ಹೋಗುವಂತಿಲ್ಲ. ಇದು ಮುದ್ರಣಾಲಯ ಶುರುವಾದಾಗಿನಿಂದ ಬಂದ ಕಟ್ಟಳೆ.

ಆದರೆ ಈಗ ಈ ಹೊತ್ತಿನಲ್ಲಿ ಆಕೆ ಮಾಡುತ್ತಿರುವುದು ಆ ಕೆಲಸವಲ್ಲ. ಮುಂದೆ ಹಿತ್ತಾಳೆಯ ಬ್ರೈಲ್ ಸ್ಲೇಟು, ಅದರ ನಡುವೆ ಸಿಕ್ಕಿಸಿದ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ, ಕೈಯಲ್ಲಿ ಚುಚ್ಚುವ ಮೊಳೆ. ಸ್ಲೇಟಿನ ಮೇಲೆ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಚುಚ್ಚಬೇಕು. ಹಾಳೆ ಮಗುಚಿದಾಗ ಅದು ಎಡದಿಂದ ಬಲಕ್ಕೆ ಸರಿಯಾಗಿ ಓದಿಸಿಕೊಳ್ಳುತ್ತದೆ. ದೀಪ ಹತ್ತಿದ ಮೇಲೆ ಬಂದು ಎದುರಿಗೆ ಕುಳಿತ ಮುದುಕರು ಗಟ್ಟಿಯಾಗಿ ಓದುತ್ತಿದ್ದಾರೆ: "ಎರಡೂ ಬದಿಯಿಂದ ಮೂರು ಎಕ್ಸ್ ಕಳೆ."

"ಕಳೆದೆ. ಮುಂದೆ?"

"ಎರಡೂ ಬದಿಯಿಂದ ಹತ್ತು ಕಳೆ."

"ಅಣ್ಣಾ, ಸ್ವಲ್ಪ ನಿಧಾನ. ಬಸ್ಸು ಹಿಡಿಯೋಕಿದೆಯಾ ನಿಮಗೆ?"

"ನನಗೆ ಎಪ್ಪತ್ತಮ್ಮಾ ತಾಯಿ. ಈ ವಯಸ್ಸಿಗೆ ಎಲ್ಲರಿಗೂ ಒಂದು ಬಸ್ಸು ಕಾದಿರುತ್ತೆ."

ಇವರ ಅಡ್ಡಹೆಸರು ರೇಡಿಯೋ. ಕರಡು ತಿದ್ದುವವರ ಎದುರು ಕುಳಿತು ಮೂಲ ಪುಸ್ತಕವನ್ನು ಗಟ್ಟಿಯಾಗಿ ಓದುವುದೇ ಇವರ ಕೆಲಸವಾಗಿತ್ತು. ನಿವೃತ್ತರಾಗಿ ವರ್ಷಗಳಾದವು. ಈಗ ಬೆಳಗಿನ ಹೊತ್ತು ಬಂದು, ಪುಸ್ತಕದ ಲೆಕ್ಕಗಳನ್ನು ಹಂತಹಂತವಾಗಿ ಬಿಡಿಸಿ ಓದುತ್ತಾರೆ, ಯಾರೂ ಕರೆದಿಲ್ಲ, ಯಾರೂ ಏನೂ ಕೊಡುವುದಿಲ್ಲ. "ಮನೇಲಿದ್ರೆ ಸೊಸೆ ಧ್ವನಿ ತಗ್ಗಿಸಿ ಅಂತಾಳೆ. ಇಲ್ಲಿ ಏರಿಸಿ ಅಂತಾರೆ. ಎಲ್ಲಿಗೆ ಬರ್ಲಿ ಹೇಳಿ?" ಎಂದು ನಮ್ಮನ್ನೇ ಕೇಳುತ್ತಾರೆ.

ಮೆಟ್ಟಿಲಕ್ಕನಿಗೆ ಶಾಲೆಯಲ್ಲಿ ಯಾರೂ ಬೀಜಗಣಿತ ಕಲಿಸಲಿಲ್ಲ. ಕಣ್ಣಿಲ್ಲದ ಹುಡುಗಿಗೆ ಲೆಕ್ಕ ಯಾಕೆ ಎಂದು ಅದರ ಬದಲು ಸಂಗೀತ ಕೊಟ್ಟರು. "ನನ್ನ ಗಂಟಲು ಕೇಳಿದ್ದೀರಲ್ಲ? ಪರೀಕ್ಷೆ ಮಾಡೋಕೆ ಬಂದ ಮೇಷ್ಟ್ರು ಎರಡನೇ ಸಾಲಿಗೇ ಸಾಕು ಸಾಕು ಅಂದ್ರು. ಪಾಸ್ ಮಾಡಿದ್ದು ನನ್ನ ಮೇಲಿನ ಪ್ರೀತಿಗಲ್ಲ, ಮತ್ತೆ ಬರಬಾರದು ಅಂತ." ತಂದೆ ಬಡಗಿ. ಮಗಳ ಕೈಗೆ ಮರದ ಅಳತೆಕೋಲು ಕೊಟ್ಟು ಗೀರುಗಳನ್ನು ಎಣಿಸಲು ಕಲಿಸಿದ್ದು ಅವರು. ಅಷ್ಟೇ ಆಕೆಯ ಗಣಿತ.

ಮುದ್ರಣಾಲಯಕ್ಕೆ ಸೇರಿದ ಹೊಸದರಲ್ಲಿ ಗಣಿತದ ಕರಡು ಬಂದರೆ ಅರ್ಥವಾಗದೆಯೇ ತಿದ್ದುತ್ತಿದ್ದರು. ರೇಡಿಯೋ ಓದಿದ್ದಕ್ಕೂ ಬೆರಳಿಗೆ ಸಿಕ್ಕಿದ್ದಕ್ಕೂ ತಾಳೆಯಾದರೆ ಸರಿ, ಮುದ್ರೆ ಒತ್ತು. ಒಂದು ದಿನ ಬೆರಳು ನಿಂತಿತು. "ಅಣ್ಣಾ, ಮೇಲಿನ ಸಾಲಿನಲ್ಲಿ ಒಂದು ಐದು ಇತ್ತು. ಕೆಳಗಿನ ಸಾಲಿನಲ್ಲಿ ಇಲ್ಲ. ಎಲ್ಲಿ ಹೋಯ್ತು?" ರೇಡಿಯೋಗೂ ಗೊತ್ತಿರಲಿಲ್ಲ. "ಪುಸ್ತಕದಲ್ಲೇ ಇಲ್ಲಮ್ಮಾ, ನಾನೇನು ತಿಂದೆನಾ?" ಎಂದರಂತೆ. ಸಂಜೆ ಅವರೇ ಪಕ್ಕದ ಬೀದಿಯ ಶಾಲೆಯ ಮೇಷ್ಟ್ರನ್ನು ಕೇಳಿಕೊಂಡು ಬಂದರು. ಐದು ಎಲ್ಲಿಯೂ ಹೋಗಿರಲಿಲ್ಲ. ಎರಡೂ ಬದಿಯಿಂದ ಐದನ್ನು ಕಳೆದಿದ್ದರು, ಕಳೆದದ್ದನ್ನು ಬರೆದಿರಲಿಲ್ಲ. ಅಂದಿನಿಂದ ಇಬ್ಬರೂ ಸೇರಿ, ಬಿಟ್ಟುಹೋದ ಸಾಲನ್ನು ಹುಡುಕುತ್ತಲೇ ಬೀಜಗಣಿತ ಕಲಿತರು. ಆಗಿನ ಹಳೆಯ ಮ್ಯಾನೇಜರ್ ಒಳ್ಳೆಯ ಮನುಷ್ಯ. ಬ್ರೈಲ್ ಪುಸ್ತಕಕ್ಕೆ ಆ ಸಾಲುಗಳನ್ನು ಸೇರಿಸಲು ಒಪ್ಪಿದರು. ಅಲ್ಲಿಗೆ ಪುಸ್ತಕ ಐದು ಸಂಪುಟವಾಯಿತು, ಆಕೆ ಮೆಟ್ಟಿಲಕ್ಕ ಆದರು.

ಆಕೆ ಓದುವ ರೀತಿ ನೋಡಬೇಕು. ಎಡಗೈಯ ತೋರುಬೆರಳು ಮೇಲಿನ ಸಾಲಿನ ಮೇಲೆ, ಬಲಗೈಯ ನಡುಬೆರಳು ಕೆಳಗಿನ ಸಾಲಿನ ಮೇಲೆ. ಎರಡೂ ಜೊತೆಜೊತೆಗೆ ಸರಿಯುತ್ತವೆ. ಸಮ ಚಿಹ್ನೆಯ ಕೆಳಗೆ ಸಮ ಚಿಹ್ನೆ ಬಂದಾಗ ಎರಡು ಬೆರಳೂ ಒಂದು ಕ್ಷಣ ನಿಲ್ಲುತ್ತವೆ. ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದು ಆಗ ಗೊತ್ತಾಗುತ್ತದೆ. "ಕುರುಡುನಂಬಿಕೆ ಅಂತಾರೆ ನೋಡಿ, ಅದು ಕಣ್ಣಿರೋರ ಕಾಯಿಲೆ," ಎನ್ನುತ್ತಾರೆ. "ನಾವು ಮುಟ್ಟದೆ ಏನನ್ನೂ ನಂಬಲ್ಲ."

ಈಗಿನ ಮ್ಯಾನೇಜರ್ ಕೂಡ ಕೆಟ್ಟವರಲ್ಲ. ನಲವತ್ತರ ಆಸುಪಾಸಿನ, ಬೆವರುವ, ಪ್ರಾಮಾಣಿಕ ಮನುಷ್ಯ. ಕಾಗದದ ಬೆಲೆ ಏರಿದೆ, ಅನುದಾನ ಏರಿಲ್ಲ. ಒಂದು ಮಗುವಿನ ಐದು ಸಂಪುಟದ ಕಾಗದದಲ್ಲಿ ಎರಡು ಮಕ್ಕಳಿಗೆ ಪುಸ್ತಕ ಕೊಡಬಹುದು, ಇನ್ನೂ ಒಂದು ಸಂಪುಟ ಉಳಿಯುತ್ತದೆ. ಈ ಮಾತಿಗೆ ಎದುರಾಡುವುದು ಸುಲಭವಲ್ಲ. ಹಾಗಾಗಿ ಹೊಸ ಆವೃತ್ತಿಯಲ್ಲಿ ಪ್ರತಿ ಲೆಕ್ಕಕ್ಕೂ ಪ್ರಶ್ನೆ, ನಡುವೆ ಒಂದು ಸಾಲು, ಉತ್ತರ, ಇಷ್ಟೇ ಸಾಕೆಂದು ತೀರ್ಮಾನವಾಯಿತು. ಮೆಟ್ಟಿಲಕ್ಕ ಗೊಣಗಿದರು. ಆದರೆ ಮೊದಲ ಸಂಪುಟಕ್ಕೆ ಮುದ್ರೆ ಒತ್ತಿದರು. ಎರಡು ಮಕ್ಕಳ ಮಾತು ಅವರ ಬಾಯಿಯನ್ನೂ ಕಟ್ಟಿಹಾಕಿತ್ತು.

ಆ ಸಂಪುಟ ಹೊರಬಿದ್ದ ಮಳೆಗಾಲದಲ್ಲಿ ಮೆಟ್ಟಿಲಕ್ಕನಿಗೆ ಒಂದು ಫೋನ್ ಬಂತು. ಮಾತಾಡಿದ್ದು ಬೆತ್ತದ ಕುರ್ಚಿ ಹೆಣೆಯುವ ಹುಡುಗಿ, ವಯಸ್ಸು ಹತ್ತೊಂಬತ್ತು, ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಗಣಿತದ ಬದಲು ಬೇರೆ ವಿಷಯ ತೆಗೆದುಕೋ ಎಂದು ಎಲ್ಲರೂ ಹೇಳಿದರೂ ಕೇಳದೆ ಗಣಿತದ ಪರೀಕ್ಷೆಗೇ ಹಣ ಕಟ್ಟಿದ್ದಳು. ಅವಳಿಗೆ ಬೇಕಾದ ಕಂಪ್ಯೂಟರ್ ತರಬೇತಿಗೆ ಗಣಿತದಲ್ಲಿ ಪಾಸಾಗದೆ ಸೀಟಿಲ್ಲ.

"ಅಕ್ಕಾ, ನಾನು ದಡ್ಡಿ ಅಂತ ಗೊತ್ತಾಯ್ತು. ಬೇರೆ ವಿಷಯಕ್ಕೆ ಬದಲಾಯಿಸ್ಕೊಳ್ತೀನಿ," ಎಂದಳು ಹುಡುಗಿ.

"ಯಾರು ಹೇಳಿದ್ದು ನಿಂಗೆ?"

"ಪುಸ್ತಕವೇ ಹೇಳ್ತಿದೆ. ವಾರದಿಂದ ಒಂದೇ ಲೆಕ್ಕ ಮಾಡ್ತಿದ್ದೀನಿ. ನನಗೆ ಹದಿನೇಳು ಬರುತ್ತೆ. ಪುಸ್ತಕದಲ್ಲಿ ಏಳು ಇದೆ."

"ಪುಸ್ತಕ ತಗೊಂಡು ಬಾ. ಬದಲಾಯಿಸೋದು ಆಮೇಲೆ."

ಹುಡುಗಿ ಎರಡು ಬಸ್ಸು ಬದಲಿಸಿ ಬಂದಳು. ಪುಸ್ತಕದಲ್ಲಿ ಇರಬೇಕಾದ ಲೆಕ್ಕ 5(x + 2) = 3x + 24. ಕೆಳಗೆ ಒಂದೇ ಸಾಲು, 2x = 14. ಆಮೇಲೆ ಉತ್ತರ, x = 7. ಮೆಟ್ಟಿಲಕ್ಕ ಮೊದಲ ಸಾಲಿನ ಮೇಲೆ ಬೆರಳಾಡಿಸಿದರು. ಮತ್ತೆ ಆಡಿಸಿದರು. ಅಲ್ಲಿ ಕೂಡುವ ಚಿಹ್ನೆ ಇರಲಿಲ್ಲ, ಕಳೆಯುವ ಚಿಹ್ನೆ ಇತ್ತು.

ಆಗಿದ್ದು ಇಷ್ಟು. ಬ್ರೈಲಿನಲ್ಲಿ ಕೂಡುವ ಚಿಹ್ನೆಗೆ ಮೂರು ಚುಕ್ಕಿ, ಕಳೆಯುವ ಚಿಹ್ನೆಗೆ ಎರಡು. ಮೂರರಲ್ಲಿ ಮೇಲಿನದೊಂದು ಚಪ್ಪಟೆಯಾದರೆ ಕೂಡುವುದು ಕಳೆಯುವುದಾಗಿಬಿಡುತ್ತದೆ. ಮುದ್ರಣಾಲಯದವರು ಇದನ್ನು ಚುಕ್ಕಿ ಸತ್ತಿದೆ ಎನ್ನುತ್ತಾರೆ. ಬ್ರೈಲ್ ಪುಸ್ತಕಗಳನ್ನು ಯಾವಾಗಲೂ ನಿಲ್ಲಿಸಿಯೇ ಇಡಬೇಕು, ಒಂದರ ಮೇಲೊಂದು ಮಲಗಿಸಿದರೆ ಭಾರಕ್ಕೆ ಚುಕ್ಕಿಗಳು ಸಾಯುತ್ತವೆ. "ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರಂತೆ, ಮಲಗಿಸಬೇಡಿ ಅಂತ," ಎಂದು ಬೈಂಡಿಂಗ್ ವಿಭಾಗದ ಹೆಂಗಸೊಬ್ಬರು ನಕ್ಕರು. "ಓದೋಕೆ ಬರದ ನಾವು ನಿಲ್ಲಿಸಿ ಇಡ್ತೀವಿ. ಓದೋಕೆ ಬರೋರೇ ಮಲಗಿಸಿ ಹೋಗ್ತಾರೆ." ಹುಡುಗಿಯ ಪುಸ್ತಕ ಅಂಚೆಯಲ್ಲಿ ಯಾವುದೋ ಪೆಟ್ಟಿಗೆಯ ಕೆಳಗೆ ಸಿಕ್ಕಿತ್ತು.

ಕಳೆಯುವ ಚಿಹ್ನೆ ಹಿಡಿದು ಹೊರಟರೆ ಉತ್ತರ ಹದಿನೇಳೇ ಬರುತ್ತದೆ. ಹುಡುಗಿ ಒಂದಿಷ್ಟೂ ತಪ್ಪು ಮಾಡಿರಲಿಲ್ಲ. ಹಳೆಯ ಪುಸ್ತಕವಾಗಿದ್ದರೆ ಎರಡನೆಯ ಸಾಲಿನಲ್ಲಿ 5x + 10 = 3x + 24 ಎಂದು ಇರುತ್ತಿತ್ತು. ಮೇಲಿನ ಬೆರಳಿಗೆ ಕಳೆಯುವುದು, ಕೆಳಗಿನ ಬೆರಳಿಗೆ ಕೂಡುವುದು ಸಿಕ್ಕ ಕೂಡಲೇ, ಓಹೋ, ಮೇಲೆ ಒಂದು ಚುಕ್ಕಿ ಸತ್ತಿದೆ ಎಂದು ನಗುತ್ತಾ ಮುಂದೆ ಹೋಗುತ್ತಿದ್ದಳು.

"ಅವತ್ತು ನನಗೆ ಹೊಟ್ಟೆ ಉರೀತು," ಎನ್ನುತ್ತಾರೆ ಮೆಟ್ಟಿಲಕ್ಕ. "ಚುಕ್ಕಿ ಸಾಯೋದು ಹೊಸದಲ್ಲ. ಮೊದಲೂ ಸಾಯ್ತಿತ್ತು. ಒಂದು ಸಾಲು ಸತ್ರೆ ಪಕ್ಕದ ಸಾಲು ಎತ್ತಿ ಕೂರಿಸ್ತಿತ್ತು. ಈಗ ಪಕ್ಕದ ಸಾಲನ್ನೇ ಕಿತ್ತುಹಾಕಿ, ಮಗು ಬಿದ್ರೆ ಮಗುವೇ ದಡ್ಡ ಅಂತೀವಿ. ಆ ಪುಟದ ಕರಡಿನ ಮೂಲೇಲಿ ನನ್ನ ಮುದ್ರೆ ಬೇರೆ!"

ಮರುದಿನ ಎರಡನೆಯ ಸಂಪುಟದ ಕರಡು ಮೇಜಿಗೆ ಬಂತು. ಆಕೆ ಪೂರ್ತಿ ಓದಿದರು. ಒಂದೂ ತಪ್ಪಿರಲಿಲ್ಲ. ಮುದ್ರೆಯನ್ನು ಜೇಬಿಗೆ ಹಾಕಿಕೊಂಡು ಮ್ಯಾನೇಜರ್ ಕೋಣೆಗೆ ಹೋದರು. ಅಲ್ಲಿ ನಡೆದದ್ದನ್ನು ಬಾಗಿಲ ಹೊರಗೆ ನಿಂತ ಅರ್ಧ ಮುದ್ರಣಾಲಯ ಕೇಳಿಸಿಕೊಂಡಿದೆ, ಮ್ಯಾನೇಜರ್ ಕೂಡ ಅಲ್ಲಗಳೆಯುವುದಿಲ್ಲ.

"ಮುದ್ರೆ ಒತ್ತಲ್ಲ ಸಾರ್."

"ತಪ್ಪು ಏನಿದೆ ಅಕ್ಕಾ?"

"ತಪ್ಪಿಲ್ಲ. ಸಾಲದು."

"ಅಕ್ಕಾ, ಕಾಗದ ಮರದಲ್ಲಿ ಬಿಡಲ್ಲ."

"ಮರದಿಂದಲೇ ಬರೋದು ಸಾರ್."

ಹೊರಗಿದ್ದವರು ಬಾಯಿಗೆ ಸೆರಗು ಒತ್ತಿಕೊಂಡರು. ಮ್ಯಾನೇಜರ್ ತಾಳ್ಮೆ ಕಳೆದುಕೊಳ್ಳಲಿಲ್ಲ. "ಕಣ್ಣಿರೋ ಮಕ್ಕಳ ಪುಸ್ತಕದಲ್ಲೇ ಇಷ್ಟು ಹಂತ ಇರಲ್ಲ. ನಾವು ಯಾಕೆ ಹಾಕ್ಬೇಕು?"

"ಕಣ್ಣಿರೋ ಮಗು ಬೋರ್ಡು ನೋಡುತ್ತೆ. ಪಕ್ಕದ ಮಗೂದು ಇಣುಕುತ್ತೆ. ನಮ್ಮ ಮಗು ಎಲ್ಲಿಗೆ ಇಣುಕಬೇಕು? ಅದಕ್ಕಿರೋದು ಈ ಹಾಳೆ ಒಂದೇ."

"ಎರಡು ಮಕ್ಕಳಿಗೆ ಪುಸ್ತಕ ಸಿಗುತ್ತೆ ಅಂತ ತಾನೇ ನಾನು ಒದ್ದಾಡ್ತಿರೋದು?"

"ಅರ್ಧ ಏಣಿ ಇಬ್ಬರಿಗೆ ಕೊಟ್ರೆ ಇಬ್ಬರೂ ಅಟ್ಟ ಹತ್ತಲ್ಲ ಸಾರ್."

ಕೊನೆಗೆ ಮ್ಯಾನೇಜರ್ ಹೇಳಲೇಬೇಕಾದ ಮಾತು ಹೇಳಿದರು. ಆಕೆ ಒತ್ತದಿದ್ದರೆ ಬೇರೆಯವರಿಂದ ಒತ್ತಿಸಬೇಕಾಗುತ್ತದೆ, ಗಣಿತದ ಮೇಜನ್ನು ಬಿಟ್ಟುಕೊಡಬೇಕಾಗುತ್ತದೆ. ಆ ವರ್ಷವೇ ಕರಡು ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾಗುವುದಿತ್ತು. ಸರದಿ ಮೆಟ್ಟಿಲಕ್ಕನದು. ಅದೂ ಮಾತಿನಲ್ಲಿ ಬಂತು. "ಒತ್ತಿಸಿ," ಎಂದರು ಆಕೆ. "ಅವರಿಗೆ ಬೇರೆ ಮುದ್ರೆ ಮಾಡಿಸಿ. ನನ್ನದು ಕೊಡಲ್ಲ. ನಾಳೆ ಹುಡುಗರು ಬೈಯೋವಾಗ ಯಾರನ್ನ ಬೈಬೇಕು ಅಂತ ಸರಿಯಾಗಿ ಗೊತ್ತಾಗ್ಲಿ."

ಹಾಗೇ ಆಯಿತು. ಕಿರಿಯ ಕರಡುಗಾರನೊಬ್ಬ ಹೊಸ ಮುದ್ರೆ ಒತ್ತಿದ. ಮೆಟ್ಟಿಲಕ್ಕನನ್ನು ಕಥೆಪುಸ್ತಕಗಳ ಮೇಜಿಗೆ ಕೂರಿಸಿದರು. "ಕಥೆ ಸುಖದ ಕೆಲಸ," ಎನ್ನುತ್ತಾರೆ ಆಕೆ. "ರಾಜ ಕಾಡಿಗೆ ಹೋದ, ವಾಪಸ್ ಬಂದ. ನಡುವೆ ಏನು ತಿಂದ ಅಂತ ಯಾರೂ ಕೇಳಲ್ಲ."

ಮನೆಯಲ್ಲಿ ಗಂಡ ಕೂಗಾಡಿದರು. ಬೀಗ ರಿಪೇರಿ, ಕೀಲಿಕೈ ಮಾಡುವುದು ಅವರ ವೃತ್ತಿ; ಅಂಗಡಿ ಅಂದರೆ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಸ್ಟೂಲು. ಬರಬೇಕಾದ ಬಡ್ತಿಯನ್ನು ಕಾಲಲ್ಲಿ ಒದ್ದು ಬಂದೆಯಾ ಎಂದು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಹೆಂಡತಿ ನಸುಕಿಗೇ ಎದ್ದು ಕೋಲು ಹಿಡಿದು ಹೊರಟಾಗ ಅವರಿಗೆ ತಡೆದುಕೊಳ್ಳಲಾಗಲಿಲ್ಲ.

"ಸಂಬಳ ಇಲ್ಲದ ಕೆಲಸಕ್ಕೆ ಕೋಳಿ ಕೂಗೋ ಮುಂಚೆ ಎದ್ದು ಹೋಗ್ತಾಳಲ್ಲಾ ಇವಳು?"

"ನೀವು ರಾತ್ರಿ ಯಾರೋ ಬೀಗದ ಕೈ ಮುರ್ಕೊಂಡು ಕೂತಿದ್ದಾರೆ ಅಂತ ಎದ್ದು ಹೋಗಲ್ವಾ? ಇದೂ ಅದೇ. ಒಳಗೆ ಹುಡುಗರು ಸಿಕ್ಕಿಹಾಕ್ಕೊಂಡಿದ್ದಾರೆ."

ಗಂಡ ಮತ್ತೆ ಆ ಮಾತು ಎತ್ತಲಿಲ್ಲ. ಚುಚ್ಚುವ ಮೊಳೆ ಹಿಡಿದು ಹೆಂಡತಿಯ ಮಣಿಕಟ್ಟು ಊದಿದ್ದು ನೋಡಿ, ಒಂದು ಹಳೆಯ ಬೀಗದ ಹಿಡಿಯನ್ನು ಅರದಿಂದ ಉಜ್ಜಿ ಅಂಗೈಗೆ ಕೂರುವಂಥ ದಪ್ಪ ಹಿಡಿ ಮಾಡಿಕೊಟ್ಟರು. ಈಗ ಆಕೆಯ ಕೈಯಲ್ಲಿರುವುದು ಅದೇ.

ಬಿಟ್ಟುಹೋದ ಸಾಲುಗಳನ್ನು ಆಕೆ ಬಿಡಿಹಾಳೆಗಳ ಮೇಲೆ ಕೈಯಲ್ಲೇ ಚುಚ್ಚತೊಡಗಿದರು. ಪುಸ್ತಕದ ಪುಟಸಂಖ್ಯೆ, ಲೆಕ್ಕದ ಸಂಖ್ಯೆ, ಕೆಳಗೆ ಎಲ್ಲ ಹಂತಗಳು, ಪ್ರತಿ ಹಂತಕ್ಕೂ ಏನು ಮಾಡಿದೆವು ಎಂಬ ಒಂದು ಮಾತು. ಮೊದಲ ಕಟ್ಟು ಕುರ್ಚಿ ಹೆಣೆಯುವ ಹುಡುಗಿಗೆ ಹೋಯಿತು. ಆಮೇಲೆ ಬೈಂಡಿಂಗ್ ವಿಭಾಗದ ಹೆಂಗಸರು ಯಾರನ್ನೂ ಕೇಳದೆ ಎರಡನೆಯ ಸಂಪುಟದ ಹಿಂದಿನ ರಟ್ಟಿನ ಒಳಬದಿಗೆ ಒಂದು ಕಾಗದದ ಜೇಬು ಅಂಟಿಸತೊಡಗಿದರು. ಎಷ್ಟು ಹಾಳೆ ತಯಾರಾಗಿರುತ್ತಿತ್ತೋ ಅಷ್ಟು ಪುಸ್ತಕಗಳಲ್ಲಿ ಜೇಬು ತುಂಬಿ ಹೋಗುತ್ತಿತ್ತು, ಉಳಿದವುಗಳಲ್ಲಿ ಖಾಲಿ. ಮ್ಯಾನೇಜರ್ ಆ ಬೈಂಡಿಂಗ್ ಮೇಜುಗಳ ನಡುವೆ ದಿನಕ್ಕೆರಡು ಸಲ ಓಡಾಡುತ್ತಿದ್ದರು. ಕಂಡೂ ಕಾಣದವರಂತೆ ಇದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಖಾಲಿ ಜೇಬೇ ಕೊನೆಗೆ ಕೆಲಸ ಮಾಡಿತು. ಜೇಬು ಇದ್ದ ಮೇಲೆ ಒಳಗೆ ಏನಾದರೂ ಇರಲೇಬೇಕಲ್ಲ? ಓದುಗರು ಫೋನ್ ಮಾಡತೊಡಗಿದರು. ಒಬ್ಬ ತಂದೆ, ಕಾಗದ ಬಿದ್ದುಹೋಗಿದೆ ಎಂದು ಅಂಚೆ ಕಚೇರಿಯಲ್ಲಿ ಜಗಳ ಮಾಡಿಕೊಂಡು ಬಂದರು. ಶಾಲೆಯೊಂದರ ಹುಡುಗರು ತಮ್ಮಲ್ಲಿದ್ದ ಒಂದು ಕಟ್ಟನ್ನು ಸರದಿಯಂತೆ ಮುಟ್ಟಿ ಮುಟ್ಟಿ ಚುಕ್ಕಿಗಳನ್ನು ಸಾಯಿಸಿ, ಇನ್ನೊಂದು ಕೊಡಿ ಎಂದು ಕೇಳಿದರು. ಮ್ಯಾನೇಜರ್ ಫೋನ್ ಎತ್ತಿ ಎತ್ತಿ ಸುಸ್ತಾಗಿ ಒಂದು ಬೆಳಿಗ್ಗೆ ಆರು ಗಂಟೆಗೆ ತಾವೇ ಬಂದರು.

"ಇದನ್ನೆಲ್ಲ ತಗಡಿಗೆ ಹಾಕಿಸೋಣ ಅಕ್ಕಾ. ಬೇರೆಯದೇ ಸಂಪುಟ. ಕೇಳಿದವರಿಗೆ ಮಾತ್ರ ಕಳಿಸೋಣ, ಕಾಗದ ಎಲ್ಲಿಂದಾದ್ರೂ ಹೊಂದಿಸ್ತೀನಿ."

"ಮೊದಲನೇ ಸಂಪುಟದ್ದೂ ಸೇರಬೇಕು."

"ಸೇರಿಸೋಣ."

"ಕರಡು ನಾನೇ ನೋಡ್ತೀನಿ."

"ಮತ್ತೆ ಯಾರು ನೋಡ್ತಾರೆ?"

ಆಕೆ ನೋಡಿದರು. ತಾವೇ ಕೈಯಾರೆ ಚುಚ್ಚಿದ್ದರಲ್ಲಿ ಎರಡು ಕಡೆ ತಪ್ಪು ಸಿಕ್ಕಿತು. ರೇಡಿಯೋ ತಪ್ಪು ಓದಿದ್ದೆಂದು ಆಕೆ, ಆಕೆಯೇ ತಪ್ಪು ಕೇಳಿಸಿಕೊಂಡದ್ದೆಂದು ಅವರು ಇಂದಿಗೂ ಜಗಳವಾಡುತ್ತಾರೆ. ತಿದ್ದಿದ ಮೇಲೆ ಹಿತ್ತಾಳೆಯ ಮುದ್ರೆ ಜೇಬಿನಿಂದ ಹೊರಬಂತು. ಆ ತರಗತಿಯ ಹಂತಗಳ ಸಂಪುಟ ಈಗ ಅಚ್ಚಾಗಿ ಹೋಗುತ್ತಿದೆ. ಈಗ ನಸುಕಿನಲ್ಲಿ ನಡೆಯುತ್ತಿರುವುದು ಮುಂದಿನ ತರಗತಿಯ ಪುಸ್ತಕದ ಕೆಲಸ. ಅದಕ್ಕೂ ಯಾರೂ ಅನುಮತಿ ಕೊಟ್ಟಿಲ್ಲ. ಆಕೆ ಕೇಳಿಯೂ ಇಲ್ಲ. "ಕೇಳಿದ್ರೆ ಇಲ್ಲ ಅಂತಾರೆ, ಪಾಪ, ಅವರ ಕೆಲಸ ಅದು. ನಾನು ಮಾಡಿ ಮುಗಿಸಿದ್ರೆ ಹೂಂ ಅಂತಾರೆ. ಅವರಿಗೂ ಸುಲಭ."

ನಿವೃತ್ತಿಗೆ ಎರಡು ವರ್ಷ ಇದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊಳೆಯನ್ನು ಕೆಳಗಿಟ್ಟು ಯೋಚಿಸುತ್ತಾರೆ. "ಆ ಹುಡುಗಿ ಕಂಪ್ಯೂಟರ್ ಕಲಿತು, ಈ ಸಾಲುಗಳನ್ನ ಯಂತ್ರದಲ್ಲೇ ಹಾಕೋ ಹಾಗೆ ಮಾಡಿದ್ರೆ ಸಾಕು. ನನ್ನ ಮಣಿಕಟ್ಟಿಗೆ ಬಿಡುವು ಸಿಗುತ್ತೆ. ಆದ್ರೆ ಒಂದು ಸಾಲು ಬಿಟ್ರೆ ಅವಳನ್ನೂ ಬಿಡಲ್ಲ."

ಮೆಟ್ಟಿಲಕ್ಕ ಮುಖ್ಯಸ್ಥರಾಗಲಿಲ್ಲ. ಆ ಜಾಗ, ಅದರ ಕೋಣೆ, ಅದರ ಸಂಬಳ ಮೂರೂ ಕಿರಿಯನಿಗೆ ಹೋದವು. ಗಣಿತದ ಮೇಜೂ ವಾಪಸ್ ಬರಲಿಲ್ಲ. ಬಲಗೈಯ ತೋರುಬೆರಳಿನ ತುದಿ ಮರಗಟ್ಟಿದೆ, ಈಗ ಆ ಕೈಯ ನಡುಬೆರಳಿನಿಂದ ಓದುತ್ತಾರೆ. ಕುರ್ಚಿ ಹೆಣೆಯುವ ಹುಡುಗಿ ರೇಖಾಗಣಿತದಲ್ಲಿ ಅಷ್ಟಕ್ಕಷ್ಟೇ ಬರೆದಳು, ಬೀಜಗಣಿತದಲ್ಲಿ ಒಂದು ಲೆಕ್ಕ ಬಿಟ್ಟು ಎಲ್ಲವನ್ನೂ ಸರಿ ಮಾಡಿದಳು, ಪಾಸಾದಳು. ತರಬೇತಿಗೆ ಸೀಟು ಸಿಕ್ಕಿದೆ. ಹೋದ ತಿಂಗಳಿನಿಂದ ತರಗತಿಗೆ ಹೋಗುತ್ತಿದ್ದಾಳೆ.